ಠಾಣೆ ಖಾಡಿಗೆ ಸೈಬೀರಿಯಾ ಬಂದ ಬಗೆ

ನವೆಂಬರ್ ಕೊನೆ ಬಂತೆಂದರೆ ನಮ್ಮ ಭಾಗದ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮರಾಠಿ, ಹಿಂದಿ, ಇಂಗ್ಲಿಷ್, ಮುಂಬಯಿಯಲ್ಲಿ ಅಚ್ಚಾಗುವ ಕನ್ನಡ, ಭಾಷೆ ಯಾವುದೇ ಇರಲಿ, ತಲೆಬರಹದ ಧಾಟಿ ಒಂದೇ: ಸೈಬೀರಿಯಾದ ಅತಿಥಿಗಳು ಬಂದರು. ಕೆಳಗೆ ಠಾಣೆ ಖಾಡಿಯ ಗುಲಾಬಿ ಫ್ಲೆಮಿಂಗೊಗಳ ಚಿತ್ರ ಇರುತ್ತದೆ. ಇಲ್ಲವೇ ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ಜನ ಎಸೆಯುವ ಸೇವು, ಗಾಠಿಯಾಕ್ಕೆ ಮುಗಿಬಿದ್ದ ಬಿಳಿ ಕಡಲಕ್ಕಿಗಳ ಚಿತ್ರ. ಫ್ಲೆಮಿಂಗೊ ಸೈಬೀರಿಯಾದಿಂದ ಬರುವುದಿಲ್ಲ. ಆ ಕಡಲಕ್ಕಿಗಳಲ್ಲಿ ಹೆಚ್ಚಿನವೂ ಅಲ್ಲಿಯವಲ್ಲ. ಈ ಮಾತನ್ನು ಪತ್ರಿಕೆಗಳಿಗೆ ಬರೆದು ಬರೆದು ನಮ್ಮ ಕಡೆಯ ಹಕ್ಕಿ ನೋಡುವವರಿಗೆ ಬಹಳ ವರ್ಷಗಳಾದವು. ಈಚೆಗೆ ನನ್ನನ್ನು ಕಾಡತೊಡಗಿದ್ದು ಬೇರೆ ಪ್ರಶ್ನೆ. ಸೈಬೀರಿಯಾ ನಮ್ಮ ಖಾಡಿಯ ಸುದ್ದಿಯೊಳಗೆ ಬಂದು ಕೂತದ್ದು ಯಾವಾಗ, ಹೇಗೆ? ಹುಡುಕುತ್ತ ಹೋದಂತೆ ಆ ಕಥೆಯ ಒಂದು ತುಂಡು ನಾನು ಹುಟ್ಟಿದ ಮಲೆನಾಡಿನಲ್ಲೇ ಸಿಕ್ಕಿತು.

ನಾನು ಸಾಗರ ತಾಲ್ಲೂಕಿನವಳು. ಮದುವೆಯಾಗಿ ಡೊಂಬಿವಲಿಗೆ ಬಂದದ್ದು 1979ರಲ್ಲಿ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದೆ. ಬೆಳಗಿನ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸಿಕ್ಕಿದರೆ ಕೋಪರ್, ದಿವಾ ದಾಟಿ ಮುಂಬ್ರಾ ಬರುವಷ್ಟರಲ್ಲಿ ಖಾಡಿಯ ನೀರು, ಕಾಂಡ್ಲಾ ಗಿಡಗಳ ಹಸಿರು, ಕೆಸರಿನಲ್ಲಿ ನಿಂತ ಬಕ ಕಾಣಿಸುತ್ತಿದ್ದವು. ಹಕ್ಕಿಗಳ ಗೀಳು ಹತ್ತಿದ್ದು ಆ ಕಿಟಕಿಯಿಂದ. ಆಮೇಲೆ ಭಾನುವಾರ ಬೆಳಿಗ್ಗೆ ಡೊಂಬಿವಲಿ ಪಶ್ಚಿಮದ ಸಾತ್‌ಪೂಲ್ ಕಡೆಗೆ ದುರ್ಬೀನು ಹಿಡಿದು ಹೊರಡುವವರ ಜೊತೆ ಸೇರಿಕೊಂಡೆ. ಔಷಧಿ ಅಂಗಡಿಯವರು, ರೈಲ್ವೆಯವರು, ಕಾಲೇಜು ಹುಡುಗಿಯರು ಇದ್ದ ಗುಂಪು. ಪತ್ರಿಕೆ ತೆರೆದರೆ ಇವರ ಕಣ್ಣು ಮೊದಲು ಹೋಗುವುದು ಚಿತ್ರದಲ್ಲಿರುವ ಹಕ್ಕಿಯ ಕೊಕ್ಕಿಗೆ, ಕಾಲಿಗೆ. ಸಂಕ್ರಾಂತಿಯ ಗಾಳಿಪಟದ ಮಾಂಜಾಕ್ಕೆ ಸಿಕ್ಕಿಬಿದ್ದ ಮಾಮೂಲಿ ಹದ್ದಿನ ಚಿತ್ರದ ಕೆಳಗೆ ಅಪರೂಪದ ರಣಹದ್ದು ಎಂದಿರುತ್ತದೆ. ಕಟ್ಟಡದ ಸಂದಿಯಲ್ಲಿ ಮರಿಯಿಟ್ಟ ಕಣಜ ಗೂಬೆ ವಿದೇಶಿ ಗೂಬೆಯಾಗುತ್ತದೆ. ಅಂಥ ಚೂರುಗಳನ್ನು ಕತ್ತರಿಸಿ ಒಂದು ಫೈಲಿನಲ್ಲಿ ಇಡುತ್ತ ಬಂದಿದ್ದೇನೆ. ಆ ಫೈಲಿನಲ್ಲಿ ಅತಿ ದಪ್ಪನೆಯ ಕಟ್ಟು ಸೈಬೀರಿಯಾದ್ದು.

ಇದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಠಾಣೆ ಖಾಡಿಗೆ ಎರಡು ಬಗೆಯ ಫ್ಲೆಮಿಂಗೊ ಬರುತ್ತವೆ. ದೊಡ್ಡದು ಹೆಚ್ಚು ಬಿಳುಪು, ಕೆಸರಿನ ಹುಳು, ಸಿಗಡಿಗಳನ್ನು ಸೋಸಿ ತಿನ್ನುತ್ತದೆ. ಚಿಕ್ಕದು ಗಾಢ ಗುಲಾಬಿ, ಅದರ ಮುಖ್ಯ ಆಹಾರ ನೀಲಿ-ಹಸಿರು ಪಾಚಿ, ಮೈಯ ಬಣ್ಣವೂ ಆ ಪಾಚಿಯಿಂದಲೇ. ಎರಡೂ ಗೂಡು ಕಟ್ಟುವುದು ಗುಜರಾತಿನ ಕಚ್ಛದ ರಣದಲ್ಲಿ. ಮಳೆಗಾಲದಲ್ಲಿ ರಣದ ತುಂಬ ತೆಳ್ಳಗೆ ನೀರು ನಿಂತಾಗ ಮಣ್ಣಿನ ದಿಬ್ಬ ಮಾಡಿ ಮೊಟ್ಟೆಯಿಡುತ್ತವೆ. ದೊಡ್ಡ ರಣದ ಆ ಗೂಡುಗಳ ನಾಡನ್ನು ಪಕ್ಷಿತಜ್ಞರು ಫ್ಲೆಮಿಂಗೊ ನಗರ ಎಂದೇ ಕರೆದರು. ಸಾಲಿಂ ಅಲಿ 1945ರಲ್ಲಿ ಅಲ್ಲಿಗೆ ಹೋಗಿ ಸುಮಾರು 5 ಲಕ್ಷ ಹಕ್ಕಿಗಳೆಂದು ಅಂದಾಜು ಮಾಡಿದ್ದರು. ಚಿಕ್ಕ ಫ್ಲೆಮಿಂಗೊ ಚಿಕ್ಕ ರಣದ ಝಿಂಝುವಾಡಾ ಕಡೆ ಗೂಡು ಮಾಡುತ್ತದೆ. ಅಲ್ಲಿಂದ ನಮ್ಮ ಖಾಡಿಗೆ 500 ಕಿಲೋಮೀಟರಿನ ಆಸುಪಾಸು. ಇರಾನಿನ ಉರ್ಮಿಯಾ ಸರೋವರದಲ್ಲಿ ಉಂಗುರ ತೊಡಿಸಿದ ದೊಡ್ಡ ಫ್ಲೆಮಿಂಗೊಗಳು ಭಾರತದಲ್ಲಿ ಸಿಕ್ಕಿದ್ದುಂಟು. ಈ ಹಕ್ಕಿ ಸಹಜವಾಗಿ ಗೂಡು ಮಾಡುವ ಉತ್ತರದ ತುದಿಯ ತಾಣಗಳಲ್ಲಿ ಒಂದು ಕಜಕಸ್ತಾನದ ತೆಂಗಿಜ್ ಸರೋವರ. ಸೈಬೀರಿಯಾ ಅದಕ್ಕೂ ಆಚೆ.

ಕಡಲಕ್ಕಿಗಳ ಲೆಕ್ಕ ಸ್ವಲ್ಪ ಬೆರಕೆ. ಕಲ್ಯಾಣ, ಠಾಣೆ, ವಾಶಿಯ ನೀರಿನಲ್ಲಿ ಚಳಿಗಾಲಕ್ಕೆ ಕಾಣುವ ಕಂದುತಲೆಯ ಕಡಲಕ್ಕಿ ಗೂಡು ಮಾಡುವುದು ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಕರಿತಲೆಯದರಲ್ಲಿ ಕೆಲವು ಸೈಬೀರಿಯಾದವೇ ಇದ್ದಾವು. ನಿಜವಾಗಿ ಸೈಬೀರಿಯಾದಿಂದ ಬರುವವರು ಯಾರೆಂದು ಕೇಳಿದರೆ ನಾನು ಐರೋಲಿಯ ಕೆಸರಿನತ್ತ ಕೈ ತೋರಿಸುತ್ತೇನೆ. ಇಳಿತದ ಹೊತ್ತಿಗೆ ಅಲ್ಲಿ ಬೂದು-ಕಂದು ಬಣ್ಣದ ಸಣ್ಣ ಗೊರವಗಳು ಗಡಿಬಿಡಿಯಿಂದ ಕೊಕ್ಕು ಕುಕ್ಕುತ್ತ ಓಡಾಡುತ್ತಿರುತ್ತವೆ. ಅವುಗಳಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬುದು ಸೈಬೀರಿಯಾದ ಉತ್ತರ ತುದಿಯ ಹಿಮಬಯಲಿನಲ್ಲಿ ಗೂಡು ಮಾಡುತ್ತದೆ. ಲಿಟಲ್ ಸ್ಟಿಂಟ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿ ನಾರ್ವೆಯ ಉತ್ತರದಿಂದ ಸೈಬೀರಿಯಾದವರೆಗಿನ ಶೀತಪ್ರದೇಶದ್ದು. ಮೈತೂಕ 25 ಗ್ರಾಮಿನಷ್ಟು. ಅಷ್ಟು ದೂರ ಹಾರಿ ಬಂದ ಈ ಜೀವಗಳ ಚಿತ್ರ ನನ್ನ ಫೈಲಿನಲ್ಲಿ ಒಂದೂ ಇಲ್ಲ. ಅವು ಪಟ್ಟ ಶ್ರಮ ಕಚ್ಛದ ಹಕ್ಕಿಯ ಖಾತೆಗೆ ಜಮೆಯಾಗುತ್ತಿದೆ. ಇದನ್ನು ನಾನು ಸಣ್ಣ ತಪ್ಪೆಂದು ಬಗೆಯಲಾರೆ.

ಮುಂಬಯಿಯ ಪತ್ರಿಕೆಗಳಲ್ಲಿ ಹಕ್ಕಿಯ ಬರಹ ಹೊಸದಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಲ್ಲಿ 8 ಜನ ಆಸಕ್ತರ ಕೂಟವಾಗಿ ಹುಟ್ಟಿತು. ಅವರಲ್ಲಿ ಇಬ್ಬರು ಭಾರತೀಯರು, ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ. ಇನ್ನೊಬ್ಬ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. ಸತಾರಾದಲ್ಲಿ ಹುಟ್ಟಿದ ಈತ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಕೆಲಸದ ಮೇಲೆ ಈತ ತಿರುಗಿದ ಊರುಗಳ ಹೆಸರು ಕೇಳಿದರೆ ನನಗೆ ರೋಮಾಂಚನವಾಗುತ್ತದೆ. ಚಿಕ್ಕ ರಣದ ಅಂಚಿನ ಖಾರಾಘೋಡಾ, ಈಗಿನ ನವಿ ಮುಂಬಯಿಯ ಮಗ್ಗುಲಿನ ಉರಣ್, ನಮ್ಮ ಉತ್ತರ ಕನ್ನಡ. ಫ್ಲೆಮಿಂಗೊ ಹೊರಡುವ ತಾಣ, ಬಂದಿಳಿಯುವ ಕೆಸರು ಎರಡರ ಮಗ್ಗುಲಲ್ಲೂ ಬಾಳಿದವನು ಈತ. ಇಎಚ್ಎ ಎಂಬ ಮೂರಕ್ಷರದ ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆದ. 1900ರಲ್ಲಿ ಬಂದ ಈತನ ಮುಂಬಯಿಯ ಸಾಮಾನ್ಯ ಹಕ್ಕಿಗಳ ಪುಸ್ತಕ ಕಾಗೆ, ಹದ್ದು, ಗುಬ್ಬಚ್ಚಿಗಳ ಪುಸ್ತಕ. ಮನೆಯಂಗಳದ ಹಕ್ಕಿಯ ಬಗ್ಗೆ ಸರಿಯಾಗಿ ಬರೆದರೂ ಓದುವವರಿದ್ದಾರೆ ಎಂಬ ನಂಬಿಕೆ ಆ ಕಾಲದ ಪತ್ರಿಕೆಗೆ ಇತ್ತು.

ಸೊಸೈಟಿಯ ಜರ್ನಲ್ 1886ರಿಂದ ಬರುತ್ತಿದೆ. ಅದರಲ್ಲಿ ಬಿಡಿ ಟಿಪ್ಪಣಿಗಳ ಭಾಗ ಒಂದಿದೆ. ಎಲ್ಲಿಯದೋ ರೈಲ್ವೆ ಎಂಜಿನಿಯರು, ಚಹಾ ತೋಟದ ಮ್ಯಾನೇಜರು, ಅರಣ್ಯಾಧಿಕಾರಿ ತಾವು ಕಂಡದ್ದನ್ನು ಅಲ್ಲಿಗೆ ಬರೆಯುತ್ತಿದ್ದರು. ಆಮೇಲಿನ ಸಂಚಿಕೆಯಲ್ಲಿ ಇನ್ನೊಬ್ಬರು, ನೀವು ನೋಡಿದ್ದು ಆ ಹಕ್ಕಿ ಇರಲಾರದು, ಯಾಕೆಂದರೆ ಹೀಗೆ, ಎಂದು ತಿದ್ದುತ್ತಿದ್ದರು. ಸಾಲಿಂ ಅಲಿ ಮತ್ತು ಹುಮಾಯೂನ್ ಅಬ್ದುಲಾಲಿ ಸೇರಿ ಮುಂಬಯಿ ಮತ್ತು ಸಾಷ್ಟಿ ದ್ವೀಪದ ಹಕ್ಕಿಗಳ ಪಟ್ಟಿಯನ್ನು 1936ರಿಂದ ಕಂತುಕಂತಾಗಿ ಅಲ್ಲೇ ಪ್ರಕಟಿಸಿದರು. ಠಾಣೆ ಊರು ಇರುವುದು ಆ ಸಾಷ್ಟಿಯ ಮೇಲೆ. ಅಬ್ದುಲಾಲಿಯವರು ವೃತ್ತಿಯಿಂದ ವ್ಯಾಪಾರಿ, ಸ್ವಭಾವದಿಂದ ಬಿಡದೆ ತಿದ್ದುವವರು. ಸೊಸೈಟಿಯ ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ಒಂದೊಂದಾಗಿ ಅಳೆದು ದಾಖಲೆ ಮಾಡುವ ಕೆಲಸಕ್ಕೆ 1968ರಲ್ಲಿ ಕೈಯಿಟ್ಟು ಸುಮಾರು 3 ದಶಕ ಹಿಡಿದು ಕೂತರು. ಬರೆದವರು ಎಷ್ಟೇ ದೊಡ್ಡವರಿರಲಿ, ತಪ್ಪು ಕಂಡರೆ ತೋರಿಸದೆ ಬಿಟ್ಟವರಲ್ಲ. ಹುಮಾಯೂನ್ ಎಂಬ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಸೈಬೀರಿಯಾ ಮನೆಮಾತಾದದ್ದು ಭರತಪುರದಿಂದ ಎಂದು ನನ್ನ ಊಹೆ. ರಾಜಸ್ಥಾನದ ಕೇವಲಾದೇವಿನ ಜೌಗಿಗೆ ಚಳಿಗಾಲಕ್ಕೆ ಬಿಳಿಯ ಸೈಬೀರಿಯನ್ ಕ್ರೇನ್‌ಗಳು ಬರುತ್ತಿದ್ದವು. ಅವುಗಳ ಗೂಡು ಪಶ್ಚಿಮ ಸೈಬೀರಿಯಾದ ಓಬ್ ನದಿಯ ಬಯಲಿನಲ್ಲಿ. ವರ್ಷದಿಂದ ವರ್ಷಕ್ಕೆ ಸಂಖ್ಯೆ ಇಳಿಯುತ್ತ ಹೋಯಿತು, ಇಳಿದಂತೆಲ್ಲ ಸುದ್ದಿ ದೊಡ್ಡದಾಯಿತು. ದೂರದರ್ಶನದಲ್ಲಿ, ಪಠ್ಯಪುಸ್ತಕದಲ್ಲಿ, ರಸಪ್ರಶ್ನೆಯಲ್ಲಿ ವಲಸೆ ಎಂದ ಕೂಡಲೇ ಆ ಬಿಳಿ ಕ್ರೇನ್. ತರಗತಿಯಲ್ಲಿ ವಲಸೆ ಹಕ್ಕಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ಸೈಬೀರಿಯಾ ಎನ್ನುತ್ತಿದ್ದದ್ದು ನನಗೆ ನೆನಪಿದೆ. 2001–02ರ ಚಳಿಗಾಲದ ನಂತರ ಆ ಹಕ್ಕಿ ಭರತಪುರಕ್ಕೆ ಬರಲಿಲ್ಲ. ಹಕ್ಕಿ ಹೋಯಿತು, ಅದರ ಊರಿನ ಹೆಸರು ಮಾತ್ರ ಸುದ್ದಿಮನೆಗಳಲ್ಲಿ ಉಳಿದು, ಬಂದ ಎಲ್ಲ ಹಕ್ಕಿಗೂ ಅಂಟಿಕೊಂಡಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೂ ನಮ್ಮ ಕನ್ನಡ ಪತ್ರಿಕೆಗಳು ಎಷ್ಟೋ ಸಲ ಸೈಬೀರಿಯಾದವು ಎಂದೇ ಬರೆದಿವೆ. ಅವು ಟಿಬೆಟ್, ಲಡಾಖ್, ಮಂಗೋಲಿಯಾ ಕಡೆಯವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಣ್ಣಿಗೆ ಬಿದ್ದಿವೆ.

ಇಷ್ಟು ಊಹೆಯ ಮಾತಾಯಿತು. ದಾಖಲೆಯಲ್ಲಿರುವ ಸೈಬೀರಿಯಾದ ಕಥೆ ಭರತಪುರದ ಆ ಕ್ರೇನ್‌ಗಳು ಮನೆಮಾತಾಗುವ ಮೊದಲಿನದು, ನಮ್ಮ ಮಲೆನಾಡಿನದು.

ನಾನು ಹುಟ್ಟಿದ ಮರುವರ್ಷ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಹಿಂದೆಯೇ ಜನರಿಗೆ ಜ್ವರ ಹತ್ತಿತು. ದರಕು ಗುಡಿಸಲು, ಸೊಪ್ಪು ತರಲು, ದನ ಹುಡುಕಲು ಕಾಡಿಗೆ ಹೋದವರು ತಲೆನೋವು, ಮೈಕೈ ನೋವು ಎಂದು ಮಲಗಿ, ಕೆಲವರು ರಕ್ತಸ್ರಾವವಾಗಿ ತೀರಿಕೊಂಡರು. ಅಮ್ಮ ಕಡೆಯವರೆಗೂ ಆ ದಿನಗಳ ಮಾತು ಬಂದರೆ ದನಿ ತಗ್ಗಿಸುತ್ತಿದ್ದಳು. ಕೊಟ್ಟಿಗೆಗೆ ದರಕು ತಂದ ಕೈಯನ್ನು ಬಿಸಿನೀರಿನಲ್ಲಿ ತೊಳೆಯದೆ ನಮ್ಮನ್ನು ಮುಟ್ಟುತ್ತಿರಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಾಡಿನಲ್ಲಿ ಬೀಡುಬಿಟ್ಟರು. ಐಸಿಎಂಆರ್ ಮತ್ತು ಅಮೆರಿಕದ ರಾಕೆಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಆರಂಭಿಸಿದ ಕೇಂದ್ರ ಅದು. ಸತ್ತ ಮಂಗಗಳಿಂದ, ರೋಗಿಗಳಿಂದ, ಉಣುಗುಗಳಿಂದ ಅವರು ಒಂದು ಹೊಸ ವೈರಸ್ ಬೇರ್ಪಡಿಸಿದರು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ನಮಗೆ ಅದು ಮಂಗನ ಕಾಯಿಲೆ.

ವಿಜ್ಞಾನಿಗಳನ್ನು ಬೆರಗುಗೊಳಿಸಿದ್ದು ಆ ವೈರಸ್‌ನ ನೆಂಟಸ್ತಿಕೆ. ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್‌ಗಳ ಕುಟುಂಬಕ್ಕೆ ಸೇರಿತ್ತು. ಸಾವಿರಾರು ಮೈಲಿ ಆಚೆಯ ಸೈಬೀರಿಯಾದ ರೋಗದ ನೆಂಟ ಸೊರಬದ ಕಾಡಿಗೆ ಹೇಗೆ ಬಂದ? ಒಂದು ಸಂಶಯ ಹುಟ್ಟಿತು: ವಲಸೆ ಹಕ್ಕಿಗಳು ಮೈಮೇಲಿನ ಉಣುಗಿನ ಜೊತೆ ರೋಗವನ್ನೂ ಹೊತ್ತು ತಂದಿರಬಹುದೇ? ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ಸಾಲಿಂ ಅಲಿಯವರ ಮುಂದಾಳುತನದಲ್ಲಿ ಸೊಸೈಟಿ 1959ರಲ್ಲಿ ಹಕ್ಕಿ ವಲಸೆಯ ಅಧ್ಯಯನಕ್ಕೆ ಇಳಿಯಿತು. ಬಲೆಯಲ್ಲಿ ಹಿಡಿದ ಹಕ್ಕಿಯ ಕಾಲಿಗೆ ಅಲ್ಯುಮಿನಿಯಮ್ ಉಂಗುರ ತೊಡಿಸಿ ಬಿಡುವ ಕೆಲಸ. ಉಂಗುರದ ಮೇಲೆ ಒಂದು ಸಂಖ್ಯೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂಬ ಚಿಕ್ಕ ಇಂಗ್ಲಿಷ್ ಒಕ್ಕಣೆ. ಭಾರತದಲ್ಲಿ ಅದಕ್ಕೆ ಮುಂಚೆಯೂ ಅಲ್ಲಲ್ಲಿ ಉಂಗುರ ಹಾಕಿದ್ದುಂಟು. ಈ ಪ್ರಮಾಣದಲ್ಲಿ ನಡೆದದ್ದು ಆಗಲೇ ಮೊದಲು.

ಸೈಬೀರಿಯಾದ ಹಕ್ಕಿಗಳೇ ಮಂಗನ ಕಾಯಿಲೆ ತಂದವೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ರೋಗ ಹರಡುವುದು ನಮ್ಮದೇ ಕಾಡಿನ ಉಣುಗು. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿ, ದರಕು ಗುಡಿಸಿ ನಾವೇ ಅದರ ಹತ್ತಿರ ಹೋಗುತ್ತೇವೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಜೀವ ತೆಗೆಯಿತು. ಸೈಬೀರಿಯಾದ ಸಂಶಯದಿಂದ ಹುಟ್ಟಿದ ಉಂಗುರದ ಕೆಲಸ ಮಾತ್ರ ವ್ಯರ್ಥವಾಗಲಿಲ್ಲ. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ದೇಶದಲ್ಲಿ ಸಿಕ್ಕವು, ಉಂಗುರದ ಸಂಖ್ಯೆ ಮುಂಬಯಿಗೆ ಬಂತು. ಯಾವ ಹಕ್ಕಿ ಸೈಬೀರಿಯಾದ್ದು, ಯಾವುದು ಅಲ್ಲ ಎಂದು ಇಂದು ಸಾತ್‌ಪೂಲಿನಲ್ಲಿ ನಿಂತ ಕಾಲೇಜು ಹುಡುಗಿ ಧೈರ್ಯವಾಗಿ ಹೇಳಬಲ್ಲಳು. ಆ ಧೈರ್ಯದ ಹಿಂದೆ ಕ್ಯಾಸನೂರಿನಲ್ಲಿ ಸತ್ತವರಿದ್ದಾರೆ. ಈ ಸಂಗತಿ ಮುಂಬಯಿಯ ನನ್ನ ಕನ್ನಡ ಬಳಗದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆಯಿಂದಲೇ ಇಷ್ಟು ಉದ್ದ ಬರೆದೆ.

ಅದೇ ಉಂಗುರದ ಕೆಲಸ ಮುಂದೆ ಪತ್ರಿಕೆಗಳ ಮುಖಪುಟಕ್ಕೂ ಬಂತು. 1960ರ ದಶಕದಲ್ಲಿ ಅದಕ್ಕೆ ಅಮೆರಿಕದ ಸೈನ್ಯ ನಡೆಸುತ್ತಿದ್ದ ವಲಸೆ ಪ್ರಾಣಿಗಳ ರೋಗ ಸಮೀಕ್ಷೆಯ ಹಣ ಬಂದಿತ್ತು. 1974ರಲ್ಲಿ ಪಿಟಿಐ ಸುದ್ದಿಸಂಸ್ಥೆ ಇದನ್ನು ವರದಿ ಮಾಡಿದಾಗ, ಜೈವಿಕ ಯುದ್ಧದ ಸಂಶೋಧನೆಗೆ ನಮ್ಮ ಹಕ್ಕಿಗಳು ಬಳಕೆಯಾದವೇ ಎಂಬ ಪ್ರಶ್ನೆ ಎದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಇಂಥ ವಿದೇಶಿ ಸಹಯೋಗಗಳನ್ನು ಟೀಕಿಸಿತು. ಹಕ್ಕಿಯನ್ನು ಅಸ್ತ್ರ ಮಾಡಿದ ಪುರಾವೆ ಹೊರಬರಲಿಲ್ಲ, ಸಾಲಿಂ ಅಲಿ ಆ ಆರೋಪದಿಂದ ನೊಂದರು. ಹಣ ಯಾರದೆಂದು ಕೇಳಿದ ಪತ್ರಿಕೆಯವರ ಕೆಲಸ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಆ ಹಣ ಬಂದದ್ದು ನಿಜ. ಕೇಳಿದ ಪ್ರಶ್ನೆಯನ್ನೇ ಉತ್ತರವೆಂದು ಓದಿಕೊಂಡದ್ದು ತಪ್ಪು.

ತಜ್ಞರು ತಪ್ಪುವುದಿಲ್ಲ ಎಂದು ನಾನು ಹೇಳಲಾರೆ. ಕಾಡು ಹಾಲಕ್ಕಿ ಎಂದು ಕೆಲವರು ಕರೆಯುವ ಚಿಕ್ಕ ಕಾಡುಗೂಬೆಯ ಕಥೆ ನೋಡಿ. ಖಾನ್‌ದೇಶದಲ್ಲಿ 1880ರ ದಶಕದಲ್ಲಿ ಅದರ ಮಾದರಿ ಸಂಗ್ರಹಿಸಿದವರು ಜೇಮ್ಸ್ ಡೇವಿಡ್ಸನ್. ಮುಂದೆ ಉತ್ತರ ಕನ್ನಡದಲ್ಲಿ ಐಟ್ಕೆನ್ ಜೊತೆ ಸೇರಿ ಅಲ್ಲಿನ ಚಿಟ್ಟೆಗಳ ಬಗ್ಗೆ ಬರೆದ ಐಸಿಎಸ್ ಅಧಿಕಾರಿ. ಆ ಮಾದರಿಗಳ ನಂತರ ಗೂಬೆ ಕಾಣೆಯಾಯಿತು. ರಿಚರ್ಡ್ ಮೈನರ್ಟ್ಜ್‌ಹಾಗೆನ್ ಎಂಬ ಹೆಸರಾಂತ ಬ್ರಿಟಿಷ್ ಕರ್ನಲ್ ತಾನು ಅದನ್ನು 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದೆ ಎಂದು ಮಾದರಿ ತೋರಿಸಿದ್ದ. ಎಲ್ಲರೂ ನಂಬಿದರು, ಹುಡುಕುವವರು ಅಲ್ಲೇ ಹುಡುಕಿದರು. ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು ಆ ಮಾದರಿ ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಕದ್ದ ಡೇವಿಡ್ಸನ್ ಹಕ್ಕಿಯೇ ಎಂದು ಹೊಲಿಗೆ, ಹತ್ತಿಗಳ ಮೇಲಿಂದ ಪತ್ತೆ ಮಾಡಿದರು. ಸುಳ್ಳು ವಿಳಾಸ ಬಿಟ್ಟು ನಿಜವಾದ ಹಳೆಯ ತಾಣಗಳ ಕಡೆ ಹೋದರು. 1997ರ ನವೆಂಬರಿನಲ್ಲಿ ಈಗಿನ ನಂದುರ್‌ಬಾರ್ ಜಿಲ್ಲೆಯ ಶಹಾದಾ ಬಳಿ ಗೂಬೆ ಕಣ್ಣೆದುರು ಕೂತಿತ್ತು. ಕಾಣೆಯಾಗಿ 113 ವರ್ಷವಾಗಿತ್ತು. 2014ರಲ್ಲಿ ಅದೇ ಗೂಬೆ ಮುಂಬಯಿಗೆ ಕುಡಿಯುವ ನೀರು ಕೊಡುವ ತಾನ್ಸಾ ಕಾಡಿನಲ್ಲಿ, ನಮ್ಮ ಕಲ್ಯಾಣ–ಕಸಾರಾ ರೈಲು ಮಾರ್ಗದ ಸಮೀಪ ಸಿಕ್ಕಿತು. ಹಕ್ಕಿಯ ಊರು ತಪ್ಪಾಗಿ ಬರೆದರೆ ಏನು ಮಹಾ ಎನ್ನುವವರಿಗೆ ನಾನು ಈ ಗೂಬೆಯನ್ನು ತೋರಿಸುತ್ತೇನೆ.

ಮತ್ತೆ ಖಾಡಿಗೆ ಬರೋಣ. 1990ರ ದಶಕದಲ್ಲಿ ಸಿವ್ರಿಯ ಕೆಸರಿನಲ್ಲಿ ಸಾವಿರಗಟ್ಟಲೆ ಫ್ಲೆಮಿಂಗೊಗಳು ನೆರೆಯತೊಡಗಿದ್ದು ಎಲ್ಲರ ಗಮನ ಸೆಳೆಯಿತು. ಎರಡೂ ದಡದ ನಗರಗಳ ಕೊಳಚೆ ಖಾಡಿಗೆ ಬಂದು ಬೀಳುತ್ತದೆ, ಅದರ ಸಾರದಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ, ಚಿಕ್ಕ ಫ್ಲೆಮಿಂಗೊಗೆ ಅದೇ ಊಟ. ಹೆಮ್ಮೆಯ ಸುದ್ದಿಯೊಳಗೆ ಈ ಕೊಳಕು ಸಂಗತಿ ಸೇರುವುದಿಲ್ಲ, ಸೇರಬೇಕು. 2015ರಲ್ಲಿ ಸುಮಾರು 1,690 ಹೆಕ್ಟೇರ್ ಖಾಡಿ ಫ್ಲೆಮಿಂಗೊ ಅಭಯಾರಣ್ಯವಾಯಿತು. ಮಾಲವಣದ ನಂತರ ಮಹಾರಾಷ್ಟ್ರದ ಎರಡನೆಯ ಸಾಗರ ಅಭಯಾರಣ್ಯ ಇದು. 2022ರಲ್ಲಿ ಖಾಡಿಯ ಸುಮಾರು 6,521 ಹೆಕ್ಟೇರ್ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

2020ರ ಲಾಕ್‌ಡೌನಿನಲ್ಲಿ ನೆರೂಲಿನ ನೀರು ಗುಲಾಬಿಯಾದ ಚಿತ್ರಗಳು ದೇಶವೆಲ್ಲ ತಿರುಗಿದವು. ಮನುಷ್ಯರು ಒಳಗೆ ಸೇರಿದ್ದಕ್ಕೆ ಹಕ್ಕಿಗಳು ಬಂದವು ಎಂದು ಬರೆದರು. ಬಂದದ್ದು ಲಾಕ್‌ಡೌನಿಗೆ ತಿಂಗಳುಗಳ ಮುಂಚೆ, ಎಂದಿನ ಹಾಗೆ. ಆ ವರ್ಷ ಸಂಖ್ಯೆ ಹೆಚ್ಚಿದ್ದು ನಿಜ. ಅದಕ್ಕೆ ಹಿಂದಿನ ವರ್ಷಗಳಲ್ಲಿ ರಣದಲ್ಲಿ ಗೂಡು ಚೆನ್ನಾಗಿ ಆಗಿ ಎಳೆಯ ಹಕ್ಕಿಗಳು ಹೆಚ್ಚಿದ್ದು ದೊಡ್ಡ ಕಾರಣವೆಂದು ಸೊಸೈಟಿಯವರು ಆಗಲೇ ವಿವರಿಸಿದ್ದರು. ಅದೇ ವಸಂತದಲ್ಲಿ ವೆನಿಸ್ ಕಾಲುವೆಗೆ ಡಾಲ್ಫಿನ್ ಬಂತೆಂಬ ಚಿತ್ರವೂ ಹರಿದಾಡಿತ್ತು, ಅದು ತೆಗೆದದ್ದು ಸಾರ್ಡಿನಿಯಾದಲ್ಲಿ.

2022ರಲ್ಲಿ ಸೊಸೈಟಿಯವರು ನಮ್ಮ ಖಾಡಿಯಲ್ಲೇ ಆರು ಫ್ಲೆಮಿಂಗೊಗಳ ಬೆನ್ನಿಗೆ ಉಪಗ್ರಹಕ್ಕೆ ಸುಳಿವು ಕಳಿಸುವ ಯಂತ್ರ ಕಟ್ಟಿದರು. ಒಂದರ ಹೆಸರು ಹುಮಾಯೂನ್, ತಪ್ಪು ತಿದ್ದುತ್ತಲೇ ಬಾಳಿದ ಅಬ್ದುಲಾಲಿಯವರ ನೆನಪಿಗೆ. ಮಳೆಗಾಲ ಶುರುವಾದ ಮೇಲೆ ಹುಮಾಯೂನ್ ಹಾರಿ ಗುಜರಾತಿನ ಭಾವನಗರದ ಕಡೆ ಇಳಿಯಿತು. ಸೈಬೀರಿಯಾದ ಸುದ್ದಿಗೆ ಇದಕ್ಕಿಂತ ನೇರವಾದ ತಿದ್ದುಪಡಿ ಬೇಕಿಲ್ಲ. ಆ ವರ್ಷದ ನವೆಂಬರಿನಲ್ಲೂ ನನ್ನ ಫೈಲಿಗೆ ಸೈಬೀರಿಯಾದ ಚೂರುಗಳು ಸೇರಿದವು.

ಒಬ್ಬ ಯುವ ವರದಿಗಾರರಿಗೆ ಫೋನು ಮಾಡಿ ಹೇಳಿದಾಗ ಅವರು ಸೌಜನ್ಯದಿಂದಲೇ ಅಂದರು: "ಮೇಡಂ, ಕಚ್ಛದಿಂದ ಅಂದ್ರೆ ಪಕ್ಕದ್ಮನೆಯಿಂದ ಬಂದ ಹಾಗೆ. ಸೈಬೀರಿಯಾ ಅಂದ್ರೆ ಜನ ಓದ್ತಾರೆ." ನಾನು ಅವರಿಗೆ ನೆರೂಲಿನ ಡಿಪಿಎಸ್ ಕೆರೆಯ ವಿಷಯ ಹೇಳಿದೆ. ಇಳಿತದಲ್ಲಿ ಫ್ಲೆಮಿಂಗೊ ಖಾಡಿಯ ಕೆಸರಿನಲ್ಲಿ ಮೇಯುತ್ತದೆ. ಭರತ ಬಂದಾಗ ಕೆಸರು ಮುಳುಗುತ್ತದೆ, ಆಗ ನಿಲ್ಲಲು ಅದಕ್ಕೆ ನವಿ ಮುಂಬಯಿಯ ತೆಳುನೀರಿನ ಕೆರೆಗಳೇ ಬೇಕು. ಆ ಕೆರೆಗೆ ಖಾಡಿಯ ನೀರು ಬರುವ ದಾರಿ ಮುಚ್ಚಿ, 2024ರ ಬೇಸಿಗೆಯಲ್ಲಿ ಅದು ಒಣಗಿತು, ಆ ಪ್ರದೇಶದಲ್ಲಿ ಹಕ್ಕಿಗಳು ಸತ್ತವು. ಅದೇ ವರ್ಷದ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಸುಮಾರು 40 ಫ್ಲೆಮಿಂಗೊ ಸತ್ತವು. ರಾತ್ರಿ ಹಕ್ಕಿ ಯಾಕೆ ಹಾರಿತು ಎಂದು ಜನ ಕೇಳಿದರು. ದೂರದ ಪಯಣವನ್ನು ಫ್ಲೆಮಿಂಗೊ ಬಹುತೇಕ ರಾತ್ರಿಯೇ ಮಾಡುತ್ತದೆ. ದೂರ ದೇಶದ ಅತಿಥಿ ಎಂದು ಬರೆದರೆ ಓದುವವರು ಇಲ್ಲಲ್ಲದಿದ್ದರೆ ಇನ್ನೆಲ್ಲೋ ಇಳಿದುಕೊಳ್ಳಲಿ ಎಂದುಕೊಳ್ಳುತ್ತಾರೆ. ಕಚ್ಛ ಮತ್ತು ಠಾಣೆ ಎರಡನ್ನೇ ನೆಚ್ಚಿಕೊಂಡ ಜೀವ ಎಂದು ತಿಳಿದರೆ ಆ 30 ಎಕರೆಯ ಕೆರೆಯ ಬೆಲೆ ಗೊತ್ತಾಗುತ್ತದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಮುಂದಿನ ಅವರ ವರದಿಯಲ್ಲಿ ಕಚ್ಛ ಇತ್ತು, ಭರತ-ಇಳಿತದ ವಿವರವಿತ್ತು. ಆ ಕೆರೆ ಉಳಿಸಲು ನೆರೂಲಿನ ನಿವಾಸಿಗಳು ನಡೆಸಿದ ಹೋರಾಟದ ಸುದ್ದಿಗಳಲ್ಲೂ ನಿಧಾನವಾಗಿ ಆ ವಿವರಗಳು ಬರತೊಡಗಿದವು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಆ ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ಒಪ್ಪಿಗೆ ಕೊಟ್ಟಿತು.

ಆ ವರ್ಷವೇ ಅಕ್ಟೋಬರಿನಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಖಾಡಿಯ ಹಕ್ಕಿಗಳು ಯಾವ ಹೊತ್ತಿಗೆ, ಯಾವ ಕೆರೆಯಿಂದ ಯಾವ ಕೆಸರಿಗೆ ಹಾರುತ್ತವೆ ಎಂಬುದು ಇನ್ನು ಹಕ್ಕಿಪ್ರಿಯರ ಕುತೂಹಲದ ವಿಷಯವಾಗಿ ಮಾತ್ರ ಉಳಿಯಲಾರದು.

ಈ ಭಾಗದ ಕನ್ನಡ ಓದುಗರಲ್ಲಿ ನನ್ನದೊಂದು ಕೋರಿಕೆ. ಬರುವ ನವೆಂಬರಿನಲ್ಲಿ ಸೈಬೀರಿಯಾದ ಫ್ಲೆಮಿಂಗೊ ಎಂಬ ಸುದ್ದಿ ಕಂಡರೆ ನಕ್ಕು ಪುಟ ತಿರುಗಿಸಬೇಡಿ. ಸಂಪಾದಕರಿಗೆ ನಾಲ್ಕು ಸಾಲು ಬರೆಯಿರಿ: ಹಕ್ಕಿ ಯಾವುದು, ಎಲ್ಲಿಂದ ಬರುತ್ತದೆ, ಹೇಗೆ ತಿಳಿದುಬಂತು. ವರದಿಗಾರರ ಹೆಸರು ಹಿಡಿದು ಹಂಗಿಸಬೇಡಿ, ಅವರಿಗೆ ಸಂಜೆಯೊಳಗೆ ಸುದ್ದಿ ಕೊಡುವ ಒತ್ತಡವಿರುತ್ತದೆ. ಕೇಳಿದರೆ ಹೇಳುವವರು ನಮ್ಮ ಊರುಗಳಲ್ಲೇ ಇದ್ದಾರೆಂದು ತಿಳಿಸಿ. ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ ಅದರ ಸಂಖ್ಯೆ, ಊರು, ತಾರೀಖು ಬರೆದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿಕೊಡಿ.